ಘಟ್ಟದ ಕಾಡು, ನಮ್ಮ ನಲ್ಲಿಯ ನೀರು

ಉಸಗಾಂವ ತಿಸ್ಕ್‌ನಿಂದ ಫೋಂಡಾ ಕಡೆಗೆ ಹೋಗುವವರು ಖಾಂಡೇಪಾರದ ಸೇತುವೆಯನ್ನು ದಾಟಲೇಬೇಕು. ಬಸ್ಸಿನ ಕಿಟಕಿಯಿಂದ ಆ ಹೊಳೆಯನ್ನು ನಾವೆಲ್ಲರೂ ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇವೆ. ಅದರ ದಡದ ಮೇಲಿರುವ ಓಪಾ ಎಂಬಲ್ಲಿ ನೀರನ್ನು ಎತ್ತಿ, ಶುದ್ಧೀಕರಿಸಿ, ಫೋಂಡಾ ಮತ್ತು ತಿಸವಾಡಿ ತಾಲ್ಲೂಕುಗಳ ಮನೆಮನೆಗೆ ಕಳಿಸಲಾಗುತ್ತದೆ. ರಾಜಧಾನಿ ಪಣಜಿ ಕುಡಿಯುವುದೂ ಈ ನೀರನ್ನೇ. ನಾನು ಶಿಕ್ಷಕನಾಗಿದ್ದ ಕಾಲದಲ್ಲಿ ತರಗತಿಯಲ್ಲಿ, "ನಮ್ಮ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದರೆ ಮಕ್ಕಳು ಒಕ್ಕೊರಲಿನಿಂದ "ಓಪಾದಿಂದ, ಸರ್" ಎನ್ನುತ್ತಿದ್ದರು. "ಓಪಾಕ್ಕೆ ಎಲ್ಲಿಂದ ಬರುತ್ತದೆ?" ಎಂದರೆ ತರಗತಿ ಮೌನವಾಗುತ್ತಿತ್ತು. ಮಕ್ಕಳನ್ನು ಅನ್ನುವುದೇಕೆ? ಅವರ ತಂದೆತಾಯಿಯರಲ್ಲಿಯೂ ಉತ್ತರ ಬಲ್ಲವರು ಕಡಿಮೆ.

ಉತ್ತರ ನಮ್ಮನ್ನು ಘಟ್ಟದ ಮೇಲಕ್ಕೆ ಒಯ್ಯುತ್ತದೆ. ಖಾಂಡೇಪಾರ ಹೊಳೆಯ ಮೇಲ್ಭಾಗದ ಹೆಸರೇ ದೂಧಸಾಗರ ನದಿ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಕ್ಯಾಸಲ್ ರಾಕ್ ಸುತ್ತಲಿನ ಕಾಡಿನಲ್ಲಿ ಸೇರಿದ ಝರಿಗಳು ಜಲಪಾತವಾಗಿ ಧುಮುಕಿ, ಮೊಲೆಂ ಅಭಯಾರಣ್ಯವನ್ನು ಹಾಯ್ದು, ನಮ್ಮ ಊರಿನ ಬಳಿಗೆ ಬರುತ್ತವೆ. ಮುಂದೆ ಮಾಂಡೋವಿಯನ್ನು ಸೇರುತ್ತವೆ. ಆ ಮಾಂಡೋವಿಯೂ ಬೇರೆಯಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ದೇಗಾಂವದ ಬಳಿ ಹುಟ್ಟುವ ಮಹದಾಯಿಯೇ ಅದು. ಹೊಟ್ಟೆಪಾಡಿಗಾಗಿ ಘಟ್ಟ ಇಳಿದು ಬಂದ ಕನ್ನಡಿಗರು ನಾವು. ನಮ್ಮ ನೀರೂ ಅದೇ ಘಟ್ಟವನ್ನು ಇಳಿದು ಬಂದಿದೆ.

ಆ ಕಾಡು ಇಂದಿಗೂ ಅಷ್ಟಿಷ್ಟು ಉಳಿದಿದೆ ಎಂದಾದರೆ ಅದು ತಾನಾಗಿ ಉಳಿದುದಲ್ಲ. ಉಳಿಸಲು ದುಡಿದವರು ಇದ್ದಾರೆ. ಅವರಲ್ಲಿ ಅನೇಕರು ನಮ್ಮ ನಿಮ್ಮಂತಹ ಸಾಮಾನ್ಯ ಜನ. ಸಾಹಿತ್ಯ ಸಮ್ಮೇಳನದ ಈ ಸಂಚಿಕೆಯಲ್ಲಿ ಅವರ ಕಥೆಯನ್ನು ದಾಖಲಿಸುವುದು ನನ್ನ ಉದ್ದೇಶ. ಜೊತೆಗೆ ನನ್ನದೊಂದು ಹಳೆಯ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ಹಿರಿಯರ ಕಟ್ಟುಪಾಡು

ನನ್ನ ಹುಟ್ಟೂರು ಸಿದ್ದಾಪುರ ಸೀಮೆಯ ಒಂದು ಸಣ್ಣ ಹಳ್ಳಿ. ಅಲ್ಲಿ ಅಡಿಕೆ ತೋಟಗಳು ಕಣಿವೆಯ ತಳದಲ್ಲಿರುತ್ತವೆ, ಕಾಡು ಮೇಲಿನ ಗುಡ್ಡದಲ್ಲಿರುತ್ತದೆ. ತೋಟಕ್ಕೆ ಸೊಪ್ಪು, ದರಕು, ಕಟ್ಟಿಗೆ ಒದಗಿಸುವ ಆ ಗುಡ್ಡವನ್ನು 'ಸೊಪ್ಪಿನ ಬೆಟ್ಟ' ಎನ್ನುತ್ತೇವೆ. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಳಸುವ ಸವಲತ್ತು ಬ್ರಿಟಿಷರ ಕಾಲದಲ್ಲಿಯೇ ದಾಖಲಾಗಿತ್ತು. ಒಂದಕ್ಕೆ ಒಂಬತ್ತು ಎಂಬ ಈ ಲೆಕ್ಕವನ್ನು ಸ್ವಲ್ಪ ಯೋಚಿಸಿ ನೋಡಬೇಕು. ಒಂದು ಪಾಲು ಬೇಸಾಯ ನಿಲ್ಲಬೇಕಾದರೆ ಅದರ ಬೆನ್ನಿಗೆ ಎಷ್ಟು ಪಾಲು ಹಸಿರು ಬೇಕೆಂಬ ಅನುಭವವೇ ಆ ಲೆಕ್ಕದಲ್ಲಿದೆ.

ಬೆಟ್ಟಕ್ಕಿಂತ ಮೇಲೆ ಕೈ ಹಚ್ಚಬಾರದ ಸ್ಥಳಗಳೂ ಇದ್ದವು. ಚೌಡಿ, ಜಟಕ, ನಾಗ ಮುಂತಾದ ದೈವಗಳ ಬನಗಳು, ಕೊಡಗಿನಲ್ಲಿ ದೇವರಕಾಡುಗಳು, ಇಲ್ಲಿ ಗೋವಾದಲ್ಲಿ ದೇವರಾಯಿಗಳು. ಇವುಗಳಲ್ಲಿ ಬಹಳಷ್ಟು ಇರುವುದು ನೀರು ಹುಟ್ಟುವ ತಾಣಗಳಲ್ಲಿ ಎಂಬುದು ಆಕಸ್ಮಿಕವಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಎಂದರೆ ವರ್ಷವಿಡೀ ಜೌಗಾಗಿರುವ ಕಾಡಿನ ತಗ್ಗು. ಅಲ್ಲಿಯ ಮರಗಳು ಕೆಸರಿನಿಂದ ಬೇರುಗಳನ್ನು ಮಂಡಿಯ ಹಾಗೆ ಮೇಲೆತ್ತಿ ಉಸಿರಾಡುತ್ತವೆ. ಅಂಥದೇ ಒಂದು ಜಡ್ಡಿ ನಮ್ಮ ನೆರೆಯ ಸತ್ತರಿ ತಾಲ್ಲೂಕಿನಲ್ಲಿದೆ. ನಿರಂಕಾರ ದೇವರ ಹೆಸರಿನ ರಾಯಿಯೊಳಗೆ ಜನ ಅದನ್ನು ತಲೆಮಾರುಗಳಿಂದ ಕಾಯ್ದುಕೊಂಡಿದ್ದಾರೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಕೊಂಕಣಿ. ಕಾಡಿನ ವಿಷಯದಲ್ಲಿ ಎರಡೂ ಕಡೆಯ ಹಿರಿಯರು ಕಂಡುಕೊಂಡ ದಾರಿ ಒಂದೇ.

ಕಾಡು ನೀರನ್ನು ಹಿಡಿಯುವ ಬಗೆಯನ್ನು ನಾನು ಮಕ್ಕಳಿಗೆ ಒಂದು ಸರಳ ಪ್ರಯೋಗದಿಂದ ತೋರಿಸುತ್ತಿದ್ದೆ. ಎರಡು ತಟ್ಟೆಗಳನ್ನು ಓರೆಯಾಗಿ ಇಟ್ಟು, ಒಂದರಲ್ಲಿ ಬರಿ ಮಣ್ಣು, ಇನ್ನೊಂದರಲ್ಲಿ ಮಣ್ಣಿನ ಮೇಲೆ ಒಣ ಎಲೆಗಳ ದಪ್ಪ ಹಾಸು. ಎರಡರ ಮೇಲೂ ಒಂದೊಂದು ಚೊಂಬು ನೀರು ಸುರಿಯುವುದು. ಮೊದಲನೆಯದರಿಂದ ಕೆಂಪು ನೀರು ಒಮ್ಮೆಲೇ ಹರಿದು ಹೋಗಿ ನಿಲ್ಲುತ್ತಿತ್ತು. ಎರಡನೆಯದರಿಂದ ತಿಳಿನೀರು ಪಾಠ ಮುಗಿಯುವವರೆಗೂ ತೊಟ್ಟಿಕ್ಕುತ್ತಿತ್ತು. ಘಟ್ಟದಲ್ಲಿ ಮಳೆ ಬೀಳುವುದು ಹೆಚ್ಚಾಗಿ ನಾಲ್ಕು ತಿಂಗಳು. ಹೊಳೆ ಹರಿಯಬೇಕಾದುದು ಹನ್ನೆರಡು ತಿಂಗಳು. ನಡುವಿನ ಎಂಟು ತಿಂಗಳ ಸಾಲವನ್ನು ಕೊಡುವುದು ಎಲೆಗೊಬ್ಬರ, ಬೇರು ಮತ್ತು ಅವು ಸಡಿಲಗೊಳಿಸಿದ ಮಣ್ಣು.

ಕೊಡಲಿಯ ಕಾಲ

ಈ ಕಟ್ಟುಪಾಡು ಸಡಿಲವಾದುದು ಕಾಡು ಊರಿನ ಕೈತಪ್ಪಿ ಸರಕಾರದ ಆಸ್ತಿಯಾದಾಗ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆ ಬಂದ ಮೇಲೆ ಕಾಡಿನ ಬಹುಭಾಗ ಮೀಸಲಾಯಿತು. ಹಡಗಿಗೂ ರೈಲುದಾರಿಗೂ ಸಾಗವಾನಿ ಬೇಕಾಗಿತ್ತು. ರೈತ ದನ ಮೇಯಿಸಿದರೂ ಸೊಪ್ಪು ಕೊಯ್ದರೂ ತಪ್ಪಿತಸ್ಥನಾಗುವ ಪರಿಸ್ಥಿತಿ ಬಂದಿತು. 1930ರ ಕಾನೂನುಭಂಗ ಚಳವಳಿಯ ಕಾಲದಲ್ಲಿ ಶಿರಸಿ, ಸಿದ್ದಾಪುರ ಸೀಮೆಗಳ ಜನ ಜಂಗಲ್ ಸತ್ಯಾಗ್ರಹಕ್ಕೆ ಇಳಿದುದರ ಹಿಂದೆ ಸ್ವಾತಂತ್ರ್ಯದ ಹಂಬಲದೊಡನೆ ಈ ನೋವೂ ಇತ್ತು.

ಸ್ವಾತಂತ್ರ್ಯ ಬಂದಿತು, 1956ರ ನವೆಂಬರ್ 1ರಂದು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಕೊಡಲಿ ನಿಲ್ಲಲಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು, ಪ್ಲೈವುಡ್ ಕಾರ್ಖಾನೆಗಳಿಗೆ ದೊಡ್ಡ ಮರಗಳು, ಸಹಜ ಕಾಡು ಕಡಿದಲ್ಲಿ ಸಾಗವಾನಿ ಮತ್ತು ನೀಲಗಿರಿಯ ನೆಡುತೋಪುಗಳು, ಕಾಳಿ ನದಿಗೆ ಸೂಪಾ ಅಣೆಕಟ್ಟು. ಇವೆಲ್ಲವೂ ನಾಡಿನ ಪ್ರಗತಿಗಾಗಿಯೇ ಎಂದು ನಾವು ಶಾಲೆಯಲ್ಲಿ ಕಲಿತೆವು, ಮುಂದೆ ಕಲಿಸಿದೆವು. ವಿದ್ಯುತ್ತೂ ಕಾಗದವೂ ಬೇಕಾಗಿದ್ದವೆಂಬುದು ಸುಳ್ಳಲ್ಲ. ಆದರೆ ಬೆಲೆ ತೆತ್ತವರು ಯಾರೆಂದು ಕೇಳುವ ಅಭ್ಯಾಸ ಆಗ ಇರಲಿಲ್ಲ. 1950ರಲ್ಲಿ ಜಿಲ್ಲೆಯ ಶೇಕಡಾ 81ರಷ್ಟು ಇದ್ದ ಕಾಡು 1980ರ ಹೊತ್ತಿಗೆ ಶೇಕಡಾ 24ಕ್ಕೆ ಇಳಿಯಿತೆಂದು ಮುಂದೆ ಅಪ್ಪಿಕೋ ಚಳವಳಿಯವರು ಲೆಕ್ಕ ಮುಂದಿಟ್ಟರು.

ಬೇಡ್ತಿಯಿಂದ ಸಾಲ್ಕಣಿಗೆ

ಮೊದಲ ದೊಡ್ಡ ಪ್ರಶ್ನೆ ಎದ್ದುದು ಬೇಡ್ತಿ ನದಿಯ ವಿದ್ಯುತ್ ಯೋಜನೆಯ ವಿಷಯದಲ್ಲಿ. ಎಪ್ಪತ್ತರ ದಶಕದ ಕೊನೆಯಲ್ಲಿ, ಮುಳುಗಡೆಯಾಗಲಿದ್ದ ತೋಟ ಮತ್ತು ಕಾಡುಗಳ ಪರವಾಗಿ ಶಿರಸಿ, ಯಲ್ಲಾಪುರ ಭಾಗದ ರೈತರು ಮಾತನಾಡತೊಡಗಿದರು. ಅವರು ಘೋಷಣೆ ಕೂಗಿದ್ದಷ್ಟೇ ಅಲ್ಲ. 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಸಿ ವಿಜ್ಞಾನಿಗಳನ್ನು ಕರೆಸಿದರು, ಯೋಜನೆಯ ಲಾಭನಷ್ಟಗಳನ್ನು ಅವರೆದುರಿಗೆ ಲೆಕ್ಕ ಹಾಕಿಸಿದರು. ಯೋಜನೆ ಅಲ್ಲಿಗೆ ನಿಂತಿತು. ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದು ಇಂಥ ಚರ್ಚೆಗೆ ವೇದಿಕೆಯಾದುದು ನಮ್ಮಂತಹ ಸಂಘಗಳವರು ಗಮನಿಸಬೇಕಾದ ಸಂಗತಿ.

ಎರಡು ವರ್ಷಗಳ ಬಳಿಕ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸರದಿ. ಆ ಭಾಗದ ಕಾಡಿನಲ್ಲಿ ಮರ ಕಡಿಯಲು ಗುತ್ತಿಗೆ ಕೊಡಲಾಗಿತ್ತು. ಗುರುತು ಹಾಕಿದ ಒಂದು ದೊಡ್ಡ ಮರ ಉರುಳುವಾಗ ಸುತ್ತಲಿನ ಹತ್ತಾರು ಮರಗಳನ್ನೂ ಎಳೆದುಕೊಂಡು ಬೀಳುತ್ತದೆ. ಅದನ್ನು ಸಾಗಿಸುವ ಲಾರಿಯ ದಾರಿಗೆ ಇನ್ನಷ್ಟು ಹೋಗುತ್ತವೆ. ಕಾಗದದಲ್ಲಿ ಎರಡು ಎಂದಿದ್ದುದು ಕಾಡಿನಲ್ಲಿ ಎರಡಾಗಿ ಉಳಿಯುವುದಿಲ್ಲ. ಜನ ಇದನ್ನು ಕಣ್ಣಾರೆ ಕಂಡಿದ್ದರು. ತೋಟದ ಒರತೆಗಳು ಬೇಸಗೆಗೆ ಮೊದಲೇ ಬತ್ತುವುದನ್ನೂ ಕಂಡಿದ್ದರು. ಆ ವೇಳೆಗೆ ಹಿಮಾಲಯದ ಚಿಪ್ಕೋ ಚಳವಳಿಯ ಸುದ್ದಿ ದೇಶವೆಲ್ಲ ಹಬ್ಬಿತ್ತು. 1974ರಲ್ಲಿ ಗಢವಾಲದ ರೇಣಿ ಗ್ರಾಮದ ಗೌರಾದೇವಿ ಮತ್ತು ಅವರ ಜೊತೆಗಾರ್ತಿಯರು ಮರಗಳಿಗೆ ಅಡ್ಡನಿಂತು ಗುತ್ತಿಗೆದಾರರನ್ನು ಹಿಂದಕ್ಕೆ ಕಳಿಸಿದ್ದರು. ಚಿಪ್ಕೋದ ಸುಂದರಲಾಲ ಬಹುಗುಣ ಅವರು 1983ರಲ್ಲಿ ಶಿರಸಿ ಸೀಮೆಗೆ ಬಂದು ಜನರೊಡನೆ ಮಾತನಾಡಿದರು. ಚಿಪ್ಕೋದಲ್ಲಿ ದುಡಿದು ಬಂದಿದ್ದ ಪಾಂಡುರಂಗ ಹೆಗಡೆಯವರು ಊರ ಯುವಕರೊಡನೆ ಸೇರಿದರು.

1983ರ ಸೆಪ್ಟೆಂಬರ್ 8. ಸಾಲ್ಕಣಿಯ ಸುತ್ತಮುತ್ತಲಿನ ಗಂಡಸರು, ಹೆಂಗಸರು, ಮಕ್ಕಳು ಮಳೆಗಾಲದ ಜಾರುಹಾದಿಯಲ್ಲಿ ಮೈಲಿಗಟ್ಟಲೆ ನಡೆದು ಕಳಸೆ ಕಾಡನ್ನು ಮುಟ್ಟಿದರು. ಕಡಿಯುವವರು ಗರಗಸ ಹಿಡಿದು ನಿಂತಿದ್ದಂತೆಯೇ ಅವರು ಮರಗಳನ್ನು ಅಪ್ಪಿಕೊಂಡರು. 'ಅಪ್ಪಿಕೋ' ಎಂಬ ಹೆಸರು ಹುಟ್ಟಿದ್ದು ಹೀಗೆ. ಮಾತಿನಲ್ಲಿ ಮಗುವನ್ನು ಕುರಿತು ಹೇಳುವ ಪದವನ್ನೇ ಅವರು ಮರಕ್ಕೆ ಹೇಳಿದರು. ಅಪ್ಪಿಕೊಂಡವರ ಮೈಗೆ ತಗಲದೆ ಕೊಡಲಿ ಮರಕ್ಕೆ ತಗಲಲಾರದು. ಕೂಲಿಯವರೂ ಬಡವರೇ, ಮನುಷ್ಯರೇ. ಕಾವಲು ಒಂದು ದಿನಕ್ಕೆ ಮುಗಿಯಲಿಲ್ಲ. ಮೂವತ್ತೆಂಟು ದಿನಗಳ ಕಾಲ ಸರದಿಯಂತೆ ಜನ ಕಾಡಿನಲ್ಲಿ ನಿಂತರು. ಕೊನೆಗೆ ಸರಕಾರ ಕಡಿತದ ಆದೇಶವನ್ನು ಹಿಂತೆಗೆದುಕೊಂಡಿತು. ಚಳವಳಿ ಸಿದ್ದಾಪುರ ತಾಲ್ಲೂಕಿನ ನಿಡಗೋಡು ಮುಂತಾದ ಕಡೆಗೆ ಹಬ್ಬಿತು, ಕೊಡಗನ್ನೂ ಮುಟ್ಟಿತು. ಮುಂದಿನ ವರ್ಷಗಳಲ್ಲಿ ಸಹಜ ಕಾಡಿನ ಹಸಿರು ಮರಗಳ ಕಡಿತಕ್ಕೇ ತಡೆ ಬಿದ್ದಿತು.

ಅಪ್ಪಿಕೋದವರು ತಮ್ಮ ಕೆಲಸವನ್ನು ಮೂರು ಮಾತಿನಲ್ಲಿ ಹೇಳುತ್ತಿದ್ದರು: ಉಳಿಸು, ಬೆಳೆಸು, ಬಳಸು. ಮೂರನೆಯ ಮಾತನ್ನು ಮರೆಯಬಾರದು. ಕಾಡನ್ನು ಬಳಸಲೇಬಾರದೆಂದು ಅವರು ಹೇಳಲಿಲ್ಲ. ಕಡಿಮೆ ಕಟ್ಟಿಗೆ ಬೇಡುವ ಒಲೆಗಳನ್ನು ಮನೆಮನೆಗೆ ಒಯ್ದರು, ಸಸಿಗಳನ್ನು ಬೆಳೆಸಿದರು, ಯಕ್ಷಗಾನದ ಮೂಲಕ ವಿಷಯವನ್ನು ಹಳ್ಳಿಗಳಿಗೆ ಮುಟ್ಟಿಸಿದರು. ಆ ವರ್ಷ ದೀಪಾವಳಿಗೆ ನಾನು ಊರಿಗೆ ಹೋದಾಗ ನನ್ನ ಅಣ್ಣ ಹೇಳಿದ ಮಾತು ನೆನಪಿದೆ: "ತಮ್ಮಾ, ನಮ್ಮ ತೋಟದ ಅಬ್ಬಿ ನೀರು ಅಪ್ಪನ ಕಾಲದಲ್ಲಿ ಯುಗಾದಿ ದಾಟುತ್ತಿತ್ತು. ಈಗ ಶಿವರಾತ್ರಿಗೇ ನಿಲ್ಲುತ್ತದೆ. ಮರ ಅಪ್ಪಿಕೊಳ್ಳದೆ ಇನ್ನೇನು ಮಾಡುವುದು?" ನಾನು ತಲೆದೂಗಿ, ರಜೆ ಮುಗಿಸಿ ಗೋವಾಕ್ಕೆ ಮರಳಿದೆ. ಅದು ಊರಿನವರ ಕೆಲಸ ಎಂಬುದು ಆಗ ನನ್ನ ಭಾವನೆ.

ನಮ್ಮ ಬಾಗಿಲಿಗೆ ಬಂದ ನಡಿಗೆ

ಸಾಲ್ಕಣಿಯ ಅನುಭವವೂ, ಹೋರಾಟದ ಫಲವಾಗಿ 1984ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕೇರಳದ ಸೈಲೆಂಟ್ ವ್ಯಾಲಿಯ ಅನುಭವವೂ ಒಂದು ಸತ್ಯವನ್ನು ಎತ್ತಿ ತೋರಿಸಿದವು. ಘಟ್ಟ ಒಂದೇ, ಅದನ್ನು ಹಂಚಿಕೊಂಡ ರಾಜ್ಯಗಳು ಹಲವು. ಒಂದು ಊರಿನವರು ಒಂದು ಕಾಡನ್ನು ಉಳಿಸಿದರೆ ಸಾಲದು. ಸುಮಾರು 1,600 ಕಿಲೋಮೀಟರ್ ಉದ್ದದ ಈ ಬೆಟ್ಟಸಾಲನ್ನು ಇಡಿಯಾಗಿ ನೋಡುವವರು ಬೇಕು. ಈ ಚಿಂತನೆಯಿಂದ ಹುಟ್ಟಿದ್ದೇ 'ಪಶ್ಚಿಮ ಘಟ್ಟ ಉಳಿಸಿ' ಪಾದಯಾತ್ರೆ.

1987ರ ನವೆಂಬರ್ 1ರಂದು ಎರಡು ತಂಡಗಳು ಹೊರಟವು. ಒಂದು ದಕ್ಷಿಣದ ಕನ್ಯಾಕುಮಾರಿಯಿಂದ, ಇನ್ನೊಂದು ಉತ್ತರದಲ್ಲಿ ಮಹಾರಾಷ್ಟ್ರದ ನವಾಪುರದಿಂದ. ವಿದ್ಯಾರ್ಥಿಗಳು, ಅಧ್ಯಾಪಕರು, ಕೃಷಿಕರು, ಕಾರ್ಯಕರ್ತರು ಘಟ್ಟದ ಹಳ್ಳಿಗಳಲ್ಲಿ ತಂಗುತ್ತಾ, ಕಾಡು ಎಲ್ಲಿ ಕಡಿದಿದೆ, ಹೊಳೆ ಎಲ್ಲಿ ಬತ್ತಿದೆ, ಗಣಿ ಎಲ್ಲಿ ತೋಡಿದೆ ಎಂಬುದನ್ನು ಕಾಣುತ್ತಾ, ಬರೆದುಕೊಳ್ಳುತ್ತಾ ಸುಮಾರು ನೂರು ದಿನ ನಡೆದರು. ಎರಡೂ ತಂಡಗಳು ಕೂಡಿದ್ದು ಎಲ್ಲಿ? 1988ರ ಫೆಬ್ರವರಿಯ ಆರಂಭದಲ್ಲಿ, ನಮ್ಮದೇ ತಾಲ್ಲೂಕಿನ ಫೋಂಡಾ ಬಳಿಯ ರಾಮನಾಥಿಯಲ್ಲಿ. ಗೋವಾ ರಾಜ್ಯವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ.

ಈಗ ನನ್ನ ತಪ್ಪಿನ ಮಾತು. ಪಾದಯಾತ್ರೆ ಹೊರಟ ಆ ನವೆಂಬರ್ 1ರಂದು ನಾವು ಇಲ್ಲಿ ರಾಜ್ಯೋತ್ಸವ ಆಚರಿಸುತ್ತಿದ್ದೆವು. ಕನ್ನಡ ನಾಡಿನ ಬೆಟ್ಟ, ಹೊಳೆ, ವನಸಿರಿಗಳನ್ನು ಹೊಗಳಿ ನಾನೇ ಭಾಷಣ ಮಾಡಿದ್ದೆ. ಆ ಬೆಟ್ಟ ಹೊಳೆಗಳಿಗಾಗಿ ನಡೆದವರು ಮೂರು ತಿಂಗಳ ಬಳಿಕ ಬಸ್ಸಿನಲ್ಲಿ ಅರ್ಧ ಗಂಟೆಯ ದೂರಕ್ಕೆ ಬಂದು ನಿಂತಾಗ ನಾನು ಹೋಗಲಿಲ್ಲ. ಸುದ್ದಿ ಕಿವಿಗೆ ಬಿದ್ದಿತ್ತು. ಶಾಲೆಯ ಸ್ನೇಹಸಮ್ಮೇಳನದ ನಾಟಕಕ್ಕೆ ಮಕ್ಕಳನ್ನು ತಯಾರು ಮಾಡುವ ಗಡಿಬಿಡಿಯಲ್ಲಿ, "ಅದು ಕಾರ್ಯಕರ್ತರ ಸಭೆ, ನಮಗೇನು?" ಎಂದುಕೊಂಡೆ. ನನ್ನ ಸೀಮೆಯ ಕಾಡುಗಳ ಹಾದಿಯಿಂದ ಬಂದವರಿಗೆ ಒಂದು ಲೋಟ ನೀರು ಕೊಡುವ ಅವಕಾಶವನ್ನು ಕಳೆದುಕೊಂಡೆ. ಅಂದು ನಾಲ್ಕು ಮಕ್ಕಳನ್ನು ಕರೆದೊಯ್ದಿದ್ದರೆ, ಓಪಾಕ್ಕೆ ನೀರು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ನಮ್ಮ ತರಗತಿ ಎಷ್ಟೋ ವರ್ಷ ಮೊದಲೇ ಉತ್ತರ ಹೇಳುತ್ತಿತ್ತು.

ಆ ನಡಿಗೆಯ ಫಲ ಒಂದೇ ದಿನದಲ್ಲಿ ಕಾಣುವಂಥದಲ್ಲ. 1989ರ ಲೋಕಸಭಾ ಚುನಾವಣೆಯಲ್ಲಿ ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿ, ಕೈಗಾ ಮತ್ತು ಪರಿಸರದ ಪ್ರಶ್ನೆಯನ್ನು ಮತದಾರರ ಮುಂದಿಟ್ಟರು. ಸೋತರು, ಆದರೆ ಪ್ರಶ್ನೆ ಉಳಿಯಿತು. 1999ರಲ್ಲಿ ಸತ್ತರಿಯ ಮಹದಾಯಿ ಕಾಡು ಅಭಯಾರಣ್ಯವಾಯಿತು. 2011ರಲ್ಲಿ ಅದರ ಮೇಲ್ಭಾಗದಲ್ಲಿರುವ ಖಾನಾಪುರದ ಭೀಮಗಡ ಕಾಡೂ ಅಭಯಾರಣ್ಯವಾಯಿತು. ಅದೇ ವರ್ಷ ಮಾಧವ ಗಾಡ್ಗೀಳ್ ಅವರ ಸಮಿತಿ ಪಶ್ಚಿಮ ಘಟ್ಟದ ಬಗ್ಗೆ ವರದಿ ಕೊಟ್ಟಿತು; ಯಾವ ಭಾಗದಲ್ಲಿ ಏನನ್ನು ಮಾಡಬೇಕೆಂಬ ನಿರ್ಧಾರದಲ್ಲಿ ಗ್ರಾಮಸಭೆಗೆ ದನಿ ಇರಬೇಕೆಂಬುದು ಅದರ ಮುಖ್ಯ ಆಶಯಗಳಲ್ಲಿ ಒಂದು. 2012ರಲ್ಲಿ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮೊಲೆಂ ನಮಗೆ ಕೇಳಿದ ಪ್ರಶ್ನೆ

ಇತಿಹಾಸ ಮುಗಿದ ಕಥೆಯಲ್ಲ ಎಂಬುದನ್ನು 2020 ನೆನಪಿಸಿತು. ಖಾಂಡೇಪಾರ ಹೊಳೆ ಹಾದುಬರುವ ಮೊಲೆಂ ಕಾಡಿನಲ್ಲಿ ಮೂರು ಯೋಜನೆಗಳು ಒಟ್ಟಿಗೆ ಬಂದವು: ರೈಲಿಗೆ ಎರಡನೆಯ ಹಳಿ, ಹೆದ್ದಾರಿಯ ಅಗಲೀಕರಣ, ವಿದ್ಯುತ್ ಪ್ರಸರಣ ಮಾರ್ಗ. ವಿದ್ಯಾರ್ಥಿಗಳು, ವಿಜ್ಞಾನಿಗಳು, ಕಲಾವಿದರು, ಹಳ್ಳಿಗರು ದನಿಯೆತ್ತಿದರು. ಆ ವರ್ಷದ ನವೆಂಬರ್ 1ರ ರಾತ್ರಿ ಚಾಂದೋರಿನಲ್ಲಿ ಸಾವಿರಾರು ಜನ ರೈಲುಹಳಿಯ ಬಳಿ ಸೇರಿದರು. ಮತ್ತೆ ನವೆಂಬರ್ 1! 2022ರ ಮೇ 9ರಂದು ಸರ್ವೋಚ್ಚ ನ್ಯಾಯಾಲಯ, ಕ್ಯಾಸಲ್ ರಾಕ್‌ನಿಂದ ಕುಳೆಂವರೆಗಿನ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ರದ್ದುಗೊಳಿಸಿತು.

ನಮ್ಮವರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲವೆಂಬುದನ್ನು ಬಲ್ಲೆ. ಹುಬ್ಬಳ್ಳಿಗೆ ಬೇಗ ಮುಟ್ಟುವ ರೈಲು ಬೇಡವೆನ್ನುವ ಕನ್ನಡಿಗ ಗೋವಾದಲ್ಲಿ ಯಾರಿದ್ದಾರೆ? ಹಾಗೆಯೇ 2012ರಲ್ಲಿ, ಮತ್ತೆ 2018ರಲ್ಲಿ ಗಣಿಗಾರಿಕೆ ನಿಂತಾಗ ಅದಿರಿನ ಲಾರಿಗಳನ್ನು ನಂಬಿದ್ದ ಎಷ್ಟೋ ಕನ್ನಡ ಮನೆಗಳ ಒಲೆ ಆರಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲಾರಿ ಚಾಲಕ. "ಸರ್, ಕಾಡು ಉಳಿಯಲಿ, ಒಳ್ಳೆಯದೇ. ನಾನು ಏನು ಉಣ್ಣಲಿ?" ಎಂದು ಅವನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಕಾಡು ಉಳಿಸುವ ಮಾತನಾಡುವವರು ಅವನ ಪ್ರಶ್ನೆಯನ್ನು ಬದಿಗಿಡಬಾರದು. ಅಪ್ಪಿಕೋದವರು 'ಬಳಸು' ಎಂಬ ಮಾತನ್ನು ಸೇರಿಸಿದ್ದು ಇಂಥವರನ್ನು ನೆನೆದೇ ಇರಬೇಕು.

ಹೊರನಾಡ ಕನ್ನಡಿಗರ ಹೊಣೆ

ಎಲ್ಲಕ್ಕಿಂತ ಕಠಿಣವಾದುದು ಮಹದಾಯಿಯ ಮಾತು. ನ್ಯಾಯಾಧಿಕರಣ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24 ಟಿಎಂಸಿ, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ನೀರು ಹಂಚಿತು. ವಿವಾದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನಮ್ಮ ಸಂಘದ ಸದಸ್ಯರಲ್ಲಿ ನರಗುಂದ, ನವಲಗುಂದ ಭಾಗದಲ್ಲಿ ಬಂಧುಗಳಿರುವವರಿದ್ದಾರೆ. ಮಲಪ್ರಭೆಗೆ ನೀರು ಬರಲೆಂದು ವರ್ಷಗಟ್ಟಲೆ ಧರಣಿ ಕುಳಿತವರು ಅವರು. ನಮ್ಮ ನೆರೆಮನೆಯ ಗೋವೆಯವರಿಗೆ ಅದೇ ನೀರು ತಾಯಿಯ ಹಾಗೆ. ಮದುವೆಮನೆಯಲ್ಲಿ ಈ ವಿಷಯ ಬಂದರೆ ನಾವು ಮಾತು ಬದಲಿಸುತ್ತೇವೆ. ಯಾರದು ಎಷ್ಟು ಪಾಲು ಎಂದು ಹೇಳಲು ನಾನು ಅರ್ಹನಲ್ಲ; ಅದು ನ್ಯಾಯಾಲಯದ ಕೆಲಸ. ಆದರೆ ದೇಗಾಂವದ ಕಾಡು ಇಲ್ಲವಾದರೆ ಹಂಚಿಕೊಳ್ಳಲು ಪಾಲೇ ಇರುವುದಿಲ್ಲ ಎಂಬುದನ್ನು ಎರಡೂ ಕಡೆಯವರಿಗೆ ಅವರವರ ಭಾಷೆಯಲ್ಲಿ ಹೇಳಬಲ್ಲವರು ನಾವು. ಎರಡು ಭಾಷೆಗಳನ್ನು ಬಲ್ಲ ನಮಗೆ ಈ ಹೊಣೆ ತಾನಾಗಿ ಬಂದಿದೆ.

ಇರುವ ಊರಿನ ನೀರನ್ನು ತನ್ನದೆಂದು ಕಾಯುವುದು ಹೊರನಾಡ ಕನ್ನಡಿಗರಿಗೆ ಹೊಸದಲ್ಲ. ಕಾಸರಗೋಡಿನ ಏತಡ್ಕದ ಕೃಷಿಕರು ಮಳೆಗಾಲ ಮುಗಿದೊಡನೆ ತೋಡಿಗೆ ಸಾಲುಸಾಲಾಗಿ ಕಟ್ಟ ಕಟ್ಟುತ್ತಾರೆ. ಒಬ್ಬನ ಕಟ್ಟದ ನೀರು ಇಂಗಿ ಇನ್ನೊಬ್ಬನ ಬಾವಿಗೆ ಬರುತ್ತದೆ. ನಿನ್ನ ರಾಜ್ಯ ಯಾವುದೆಂದು ಆ ನೀರು ಕೇಳುವುದಿಲ್ಲ.

ನಮ್ಮ ಸಂಘಕ್ಕೆ ನನ್ನದು ಒಂದೇ ಸಣ್ಣ ಸೂಚನೆ. ಪ್ರತಿವರ್ಷ ನವೆಂಬರ್ 1ರಂದು ಧ್ವಜವಂದನೆ, ಭಾಷಣ, ಸಿಹಿ ಹಂಚಿಕೆ ಆದ ಮೇಲೆ, ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಓಪಾಕ್ಕೆ ಹೋಗೋಣ. ಅಲ್ಲಿಂದ ಹೊಳೆಯ ಮೇಲ್ಮುಖವಾಗಿ ಕುಳೆಂವರೆಗೆ, ಅನುಮತಿ ದೊರೆತರೆ ಕಾಡಿನೊಳಕ್ಕೆ. ನೀರು ಎಲ್ಲಿಂದ ಬರುತ್ತದೆಂದು ಅವರು ತಮ್ಮ ಕಣ್ಣಿನಿಂದ ಕಾಣಲಿ. ನನಗೀಗ ಮೊಣಕಾಲು ನೋವು, ಗುಡ್ಡ ಹತ್ತಲಾರೆ. ಆದರೆ ಖಾಂಡೇಪಾರದ ಸೇತುವೆಯವರೆಗೆ ಬಂದು ನಿಮ್ಮನ್ನು ಕಳಿಸಿಕೊಡಬಲ್ಲೆ. 1988ರಲ್ಲಿ ಹೋಗದೆ ಉಳಿದವನಿಗೆ ಅಷ್ಟಾದರೂ ಸಮಾಧಾನ ಸಿಗಲಿ.